ಎರಕದ ಉತ್ಪಾದನೆ ಏರುತ್ತಿದ್ದರೂ ಎರಕ ಹುಯ್ಯುವವರು ಏಕೆ ಕಡಿಮೆಯಾಗುತ್ತಿದ್ದಾರೆ?

ಪ್ರಶ್ನೆ – ಮೂಡಿಗೆರೆಯಿಂದ

ನಮ್ಮ ತೋಟದ ಹಳೆಯ ಕಾಫಿ ಪಲ್ಪರ್‌ನ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬೀಡುಕಬ್ಬಿಣದ ಹಲ್ಲುಚಕ್ರ ಈ ಸಲ ಕೊಯ್ಲಿನ ನಡುವೆಯೇ ಎರಡು ಹೋಳಾಯಿತು. ಮುರಿದ ಜಾಗ ಬೂದುಬಣ್ಣಕ್ಕಿದ್ದು, ಬೆರಳಾಡಿಸಿದರೆ ಪೆನ್ಸಿಲ್ ಪುಡಿಯಂತಹ ಕಪ್ಪು ಅಂಟುತ್ತಿತ್ತು. ಹಿಂದೆ ಮರದ ಪ್ಯಾಟರ್ನ್ (ಅಚ್ಚಿಗೆ ಬೇಕಾದ ಮಾದರಿ) ಕೊಟ್ಟರೆ ಹಾಸನದಲ್ಲೇ ವಾರದೊಳಗೆ ಹುಯ್ದು ಕೊಡುತ್ತಿದ್ದರು. ಈಗ ಒಂದೇ ಒಂದು ಚಕ್ರಕ್ಕೆ ಅಚ್ಚು ಕಟ್ಟಲು ಯಾರೂ ಒಪ್ಪುತ್ತಿಲ್ಲ. ಆದರೆ ಎರಕದಲ್ಲಿ ಭಾರತ ಜಗತ್ತಿನಲ್ಲೇ ಎರಡನೆಯ ಸ್ಥಾನದಲ್ಲಿದೆ ಎಂದು ಓದುತ್ತೇನೆ. ಇವೆರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ?

ಉತ್ತರ – ಹಾಸನದಿಂದ

ಎರಡೂ ನಿಜ. ಶಿವಮೊಗ್ಗದ ಫೌಂಡ್ರಿಯೊಂದರಲ್ಲಿ (ಎರಕದ ಕಾರ್ಖಾನೆ) ಬಹುಕಾಲ ದುಡಿದ ನಾನು ಈ ಬದಲಾವಣೆಯನ್ನು ಹತ್ತಿರದಿಂದ ಕಂಡಿದ್ದೇನೆ.

2008ರಲ್ಲಿ ಜಗತ್ತಿನ ಎರಕದ ಉತ್ಪಾದನೆ ಸುಮಾರು 9.3 ಕೋಟಿ ಟನ್ ಇತ್ತು. ಆರ್ಥಿಕ ಕುಸಿತದಿಂದ ಮರುವರ್ಷ 8 ಕೋಟಿಗೆ ಬಿದ್ದು, 2018ರ ವೇಳೆಗೆ 11 ಕೋಟಿಯನ್ನು ದಾಟಿತು. ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲಿಗಿಂತ ಹೆಚ್ಚು ಚೀನಾದ್ದೇ. 2008ರಲ್ಲಿ 70 ಲಕ್ಷ ಟನ್ನಿನ ಒಳಗಿದ್ದ ಭಾರತ, 2015ರ ಹೊತ್ತಿಗೆ ಅಮೆರಿಕವನ್ನು ಹಿಂದಿಕ್ಕಿ, 2018ರಲ್ಲಿ 1.3 ಕೋಟಿ ಟನ್ ಮೀರಿತು. 2020ರಲ್ಲಿ ಕೊರೊನಾದಿಂದ ಚೀನಾ ಬಿಟ್ಟು ಹಲವೆಡೆ ಉತ್ಪಾದನೆ ಮತ್ತೆ ಇಳಿಯಿತು.

ಈ ಏರಿಕೆಯ ಬಹುಭಾಗ ವಾಹನ, ಟ್ರ್ಯಾಕ್ಟರ್, ಪಂಪುಗಳಿಗಾಗಿ ಆದದ್ದು. ಗಂಟೆಗೆ ನೂರಾರು ಅಚ್ಚುಪೆಟ್ಟಿಗೆಗಳನ್ನು ಒತ್ತುವ ಯಂತ್ರವನ್ನು ನಿಮ್ಮ ಒಂದು ಚಕ್ರಕ್ಕಾಗಿ ನಿಲ್ಲಿಸಿದರೆ ಮಾಲೀಕನಿಗೆ ನಷ್ಟ. ಕೈಯಿಂದ ಮರಳು ಬಡಿದು ಅಚ್ಚು ಕಟ್ಟುವ ಸಣ್ಣ ಫೌಂಡ್ರಿಗೆ ಆ ತೊಂದರೆಯಿರಲಿಲ್ಲ. ಅದರ ಕಷ್ಟವೇ ಬೇರೆ. ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸಿ ಕಬ್ಬಿಣ ಕರಗಿಸುವ ಕ್ಯುಪೋಲಾ ಕುಲುಮೆಯ ಹೊಗೆಗೆ ಕಡಿವಾಣ ಬಿತ್ತು. ತಾಜ್ ಮಹಲಿನ ರಕ್ಷಣೆಗಾಗಿ 1996ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಆಗ್ರಾದ ಫೌಂಡ್ರಿಗಳು ಕೋಕ್ ಬಿಡುವಂತೆ ಮಾಡಿತು. ವಿದ್ಯುತ್ತಿನಿಂದ ಕರಗಿಸುವ ಇಂಡಕ್ಷನ್ ಕುಲುಮೆಗೆ ಬೇಕಾದ ಬಂಡವಾಳವನ್ನೂ ವಿದ್ಯುತ್ ಬಿಲ್ಲನ್ನೂ ಹೊರಲು ಎಲ್ಲರಿಗೂ ಆಗಲಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಫೌಂಡ್ರಿಯ ಜೊತೆಗೆ ಅಚ್ಚು ಕಟ್ಟುವ ಕೈಗಳೂ ಹೋಗುತ್ತವೆ.

ಉತ್ತರ – ಚಿಕ್ಕಮಗಳೂರಿನಿಂದ

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಟನ್ ಲೆಕ್ಕವನ್ನೇ ನಂಬಿ ಕೂರಬಾರದು. ಬೀಡುಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ, ಅಲ್ಯೂಮಿನಿಯಮ್ಮಿನದು 2.7. ಕಬ್ಬಿಣದಲ್ಲಿದ್ದ ಭಾಗ ಅಲ್ಯೂಮಿನಿಯಮ್ಮಿಗೆ ಬದಲಾದರೆ ಕೆಲಸ ಅಷ್ಟೇ ಇದ್ದರೂ ತೂಕ ಇಳಿಯುತ್ತದೆ. ವಿದ್ಯುತ್ ಕಾರಿನಲ್ಲಂತೂ ಎಂಜಿನ್ ಬ್ಲಾಕೇ ಇಲ್ಲ.

ಉತ್ತರ – ಹಾಸನದಿಂದ

ಒಪ್ಪುತ್ತೇನೆ. ಪ್ರಶ್ನೆ ಕೇಳಿದವರು ಮುರಿದ ಹೋಳುಗಳನ್ನು ಗುಜರಿಗೆ ಹಾಕಬೇಡಿ. ಆದರೆ ಅವನ್ನೇ ಜೋಡಿಸಿ ಮರಳಿನಲ್ಲಿ ಒತ್ತಲು ಬಿಡಬೇಡಿ. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ 300 ಮಿಲಿಮೀಟರಿನ ಚಕ್ರ 3 ಮಿಲಿಮೀಟರ್ ಚಿಕ್ಕದಾಗಿ ಬರುತ್ತದೆ, ಹಲ್ಲುಗಳು ಕೂಡುವುದಿಲ್ಲ. ಅಳತೆ ತೆಗೆದು, ಆ ಕುಗ್ಗುವಿಕೆಯನ್ನು ಸೇರಿಸಿ ಮರದ ಪ್ಯಾಟರ್ನ್ ಮಾಡಿಸಿ.