ಫಿನ್ಶ್‌ಗೌ ಕಣಿವೆಯಲ್ಲಿ ಅಮ್ಮನ ಜೊತೆ ಸೈಕಲ್: ನಿಜವಾಗಿಯೂ ಗಾಡಿಗಳ ಕಾಟ ಇಲ್ವಾ?

ಎರಡು_ಗಾಲಿ ಕೇಳಿದ್ದು:

ಅಮ್ಮ ಜೂನ್‌ನಲ್ಲಿ ನನ್ನ ಹತ್ತಿರ ಬರುತ್ತಿದ್ದಾರೆ. ವಯಸ್ಸು 61. ಹದಿನೈದು ವರ್ಷ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿಬಂದವರು, ಬ್ಯಾಲೆನ್ಸ್ ಇನ್ನೂ ಮರೆತಿಲ್ಲ. ಆದರೆ ಪಕ್ಕದಲ್ಲಿ ದೊಡ್ಡ ಗಾಡಿ ಹಾದುಹೋದರೆ ಸಾಕು, ಸೈಕಲ್ ಇಳಿದು ನಿಂತುಬಿಡುತ್ತಾರೆ. ಅದಕ್ಕೇ ಕಾರು, ಬಸ್ಸು ಇಲ್ಲದ ದಾರಿ ಹುಡುಕುತ್ತಿದ್ದೆ.

ಇಟಲಿಯ ಉತ್ತರ ತುದಿಯಲ್ಲಿ, ದಕ್ಷಿಣ ಟಿರೋಲಿನ ಫಿನ್ಶ್‌ಗೌ ಕಣಿವೆ ಕಣ್ಣಿಗೆ ಬಿತ್ತು. ಆಸ್ಟ್ರಿಯಾ ಗಡಿಯ ಹತ್ತಿರದ ರೆಶೆನ್‌ನಿಂದ ಮೆರಾನೊವರೆಗೆ ಅದಿಜೆ ನದಿ ಹಿಡಿದು ಸುಮಾರು 80 ಕಿಲೋಮೀಟರ್ ಸೈಕಲ್ ದಾರಿ ಇದೆಯಂತೆ. ಶುರುವಾಗುವುದು 1,500 ಮೀಟರ್ ಎತ್ತರದಲ್ಲಿ, ಮುಗಿಯುವುದು 325 ಮೀಟರ್‌ನಲ್ಲಿ. ಅಂದರೆ ಬರೀ ಇಳಿಜಾರು! ಒಂದೇ ದಿನದಲ್ಲಿ ಮುಗಿಸಬಹುದು ಅಂತ ನನ್ನ ಲೆಕ್ಕ. ಹೋಗಿಬಂದವರು ಹೇಳಿ: ನಿಜವಾಗಿಯೂ ಗಾಡಿ ಇರುವುದಿಲ್ವಾ? ಅಮ್ಮನಿಗೆ ಆಗುತ್ತದಾ?

ಸರಪಳಿ_ಸಾಕು:

ನಾನು ಒಂದೇ ದಿನದಲ್ಲಿ ಇಳಿದೆ. ಪೆಡಲ್ ತುಳಿದ ನೆನಪೇ ಇಲ್ಲ. ಸುಮ್ನೆ ಹೊರಡಿ, ಜಾಸ್ತಿ ಯೋಚನೆ ಮಾಡಬೇಡಿ.

ನಿಧಾನ_ನಿಧಾನ:

ಅಮ್ಮನಿಗೆ ಖಂಡಿತ ಆಗುತ್ತದೆ. ನಿಮ್ಮ ಲೆಕ್ಕ ಮಾತ್ರ ಆಗುವುದಿಲ್ಲ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೋಗಿ ಮೊಣಕೈ ತರಚಿಕೊಂಡು ಬಂದವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು, ನಮ್ಮ ಯಜಮಾನರು ಎರಡು ವರ್ಷದ ಹಿಂದೆ ಹೋಗಿದ್ದೆವು. ನನಗೆ ಆಗ 54. ರೆಶೆನ್‌ನಲ್ಲಿ ಒಂದು ದೊಡ್ಡ ಕೆರೆ ಇದೆ. ಅದರ ನೀರಿನೊಳಗಿಂದ ಚರ್ಚಿನ ಗಂಟೆಗೋಪುರ ಒಂದೇ ಎದ್ದು ನಿಂತಿದೆ, 14ನೇ ಶತಮಾನದ್ದು. 1950ರಲ್ಲಿ ವಿದ್ಯುತ್ತಿಗಾಗಿ ನೀರು ನಿಲ್ಲಿಸಿದಾಗ ಗ್ರೌನ್ ಎಂಬ ಊರು ಮುಳುಗಿತು, ರೆಶೆನ್ ಊರಿನ ಒಂದು ಭಾಗವೂ ಹೋಯಿತು. ಒಟ್ಟು 163 ಮನೆ. ಎಲ್ಲರೂ ಗೋಪುರದ ಮುಂದೆ ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಆಮೇಲೆ ಅಲ್ಲಿದ್ದ ಫಲಕ ಓದಿ ಒಂಥರಾ ಆಯಿತು.

ಕೆರೆಯ ಪಕ್ಕ ಏನೂ ತೊಂದರೆ ಇಲ್ಲ. ಮುಂದೆ ಇನ್ನೊಂದು ಸಣ್ಣ ಕೆರೆ ಬರುತ್ತದೆ. ಅದು ದಾಟಿದ ಮೇಲೆ ಬುರ್ಗೈಸ್ ಎಂಬ ಹಳ್ಳಿಯವರೆಗೆ ಕೆಲವೇ ಕಿಲೋಮೀಟರ್‌ನಲ್ಲಿ 200 ಮೀಟರ್‌ಗೂ ಜಾಸ್ತಿ ಇಳಿಯಬೇಕು. ಎಡಗಡೆ ಕಣಿವೆ, ಎದುರಿಗೆ 3,905 ಮೀಟರ್ ಎತ್ತರದ ಓರ್ಟ್ಲರ್ ಪರ್ವತ ಹಿಮ ಹೊದ್ದು ಕೂತಿದೆ. ನಾನು ನೋಡಿದ್ದು ಮಾತ್ರ ಮುಂದಿನ ಚಕ್ರವನ್ನು. ಬ್ರೇಕ್ ಹಿಡಿದು ಹಿಡಿದು ಬೆರಳು ಜೋಮು ಹಿಡಿದಿತ್ತು. ಬಿಟ್ಟರೆ ಎಲ್ಲಿ ಹೋಗಿಬಿಡುತ್ತೇನೋ ಅಂತ ಭಯ. ಬಾಡಿಗೆ ಸೈಕಲ್‌ನಲ್ಲಿ ಪೆಡಲ್ ಹಿಂದಕ್ಕೆ ತುಳಿದರೂ ಬ್ರೇಕ್ ಬೀಳುತ್ತಿತ್ತು. ಅಂಗಡಿಯವರು ಹೇಳಿದ್ದರು, ನಾನೇ ಮರೆತೆ. ಇಳಿಜಾರಿನಲ್ಲಿ ಕಾಲು ಸುಮ್ಮನಿರದೆ ಪೆಡಲ್ ಹಿಂದಕ್ಕೆ ಸುತ್ತಿಸುವ ಅಭ್ಯಾಸ ನನಗೆ. ಒಂದು ತಿರುವಿನಲ್ಲಿ ಹಾಗೇ ಮಾಡಿದೆ. ಹಿಂದಿನ ಚಕ್ರ ಗಪ್ಪಂತ ನಿಂತಿತು, ಸೈಕಲ್ ಜಾರಿತು, ನಾನು ಹುಲ್ಲಿನ ಮೇಲೆ. ಅಲ್ಲಿ ಹುಲ್ಲಿತ್ತು ಅನ್ನುವುದು ನನ್ನ ಪುಣ್ಯ. ಆ ಹೊತ್ತಿಗೆ ಸುತ್ತಮುತ್ತ ಒಂದೇ ಒಂದು ಗಾಡಿ ಇರಲಿಲ್ಲ, ಅದನ್ನು ಗಮನಿಸಿ. ಗಾಡಿ ಇಲ್ಲದ ದಾರಿಯಲ್ಲಿ ನಮ್ಮನ್ನು ಬೀಳಿಸುವುದು ಇಳಿಜಾರು.

"ಬರೀ ಇಳಿಜಾರು" ಅನ್ನುವುದೂ ಪೂರ್ತಿ ಸರಿಯಲ್ಲ. ಈ ಕಣಿವೆ ಮೆಟ್ಟಿಲು ಮೆಟ್ಟಿಲಾಗಿದೆ. ಪಕ್ಕದ ಬೆಟ್ಟದ ತೊರೆಗಳು ಸಾವಿರಾರು ವರ್ಷ ಕಲ್ಲು ಮಣ್ಣು ತಂದು ಬೀಸಣಿಗೆಯ ಹಾಗೆ ಹರಡಿವೆ. ನದಿ ಅದರ ಹಿಂದೆ ಸಪಾಟಾಗಿ ಹರಿದು, ಅಂಚಿಗೆ ಬಂದಾಗ ಧುಮುಕುತ್ತದೆ. ಸೈಕಲ್ ದಾರಿಯೂ ಹಾಗೆಯೇ. ಬಹಳ ದೂರ ಆರಾಮ, ಇದ್ದಕ್ಕಿದ್ದಂತೆ ಕಡಿದಾದ ಇಳಿತ, ಮತ್ತೆ ಆರಾಮ. ನಡುವೆ ಸಣ್ಣ ಸಣ್ಣ ಏರುಗಳೂ ಇವೆ.

ಗಾಡಿಯ ಬಗ್ಗೆ ಹೇಳುವುದಾದರೆ, ಕಾರು ಹೆಚ್ಚುಕಡಿಮೆ ಇಲ್ಲ. ಹಳ್ಳಿಗಳ ಒಳಗೆ ಹಾದುಹೋಗುವಾಗ ಒಂದೆರಡು ಎದುರಾಗಬಹುದು. ಆದರೆ ಟ್ರಾಕ್ಟರ್ ಇವೆ. ಕೆಳಗಿನ ಅರ್ಧ ಪೂರ್ತಿ ಸೇಬಿನ ತೋಟ, ಎಷ್ಟೋ ಕಡೆ ದಾರಿ ತೋಟದವರದ್ದೂ ಹೌದು. ಕೊಯ್ಲು ಇರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಸ್ತಿ. ಜೂನ್‌ನಲ್ಲಿ ಅಷ್ಟಿರುವುದಿಲ್ಲ. ಅಮ್ಮನಿಗೆ ಮೊದಲೇ ಹೇಳಿಡಿ: ಟ್ರಾಕ್ಟರ್ ಕಂಡರೆ ಬಲಕ್ಕೆ ಸರಿದು ನಿಂತರಾಯಿತು, ಅವರು ನಿಧಾನಕ್ಕೇ ಹೋಗುತ್ತಾರೆ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಗೋಪುರವನ್ನು ಬಸ್‌ನಲ್ಲಿ ಹೋಗಿ ನೋಡಿಬನ್ನಿ. ಸೈಕಲ್ ಶುರು ಮಾಡುವುದು ಬುರ್ಗೈಸ್‌ಗಿಂತ ಕೆಳಗಿರುವ ಮಾಲ್ಸ್ ಊರಿನಿಂದ, ಆಗ ನಾನು ಬಿದ್ದ ಆ ಇಳಿತ ತಪ್ಪುತ್ತದೆ. ಅಲ್ಲಿಂದ ಸ್ವಲ್ಪ ಇಳಿದರೆ ಗ್ಲುರ್ನ್ಸ್. ಸುತ್ತ ಕೋಟೆಗೋಡೆ ಈಗಲೂ ಪೂರ್ತಿ ಉಳಿದಿರುವ ಪುಟಾಣಿ ಪಟ್ಟಣ. ಒಂದು ಗಂಟೆ ಕಾಲಾಡಿಸಿ. ರಾತ್ರಿ ಶ್ಲಾಂಡರ್ಸ್‌ನಲ್ಲಿ ಉಳಿದು, ಮಾರನೆಯ ದಿನ ಲಾಚ್, ನಾಟುರ್ನ್ಸ್ ದಾರಿಯಾಗಿ ಮೆರಾನೊ ಕಡೆ. ಕೊನೆಗೆ ತೊಲ್ ಎಂಬಲ್ಲಿ ಕಣಿವೆ ಮತ್ತೆ ಬೀಳುತ್ತದೆ, ದಾರಿ ಹಾವಿನ ಹಾಗೆ ಸುತ್ತಿ ಇಳಿಯುತ್ತದೆ. ಅಲ್ಲಿ ನಾನು ನಾಚಿಕೆ ಬಿಟ್ಟು ಸೈಕಲ್ ತಳ್ಳಿಕೊಂಡೇ ಇಳಿದೆ. ಎಂಟು ಹತ್ತು ವರ್ಷದ ಮಕ್ಕಳು ಪಕ್ಕದಲ್ಲೇ ಗಂಟೆ ಬಾರಿಸುತ್ತಾ ಹೋದರು. ಹೋಗಲಿ ಬಿಡಿ.

ಎರಡು_ಗಾಲಿ:

ಅಕ್ಕಾ, ತುಂಬಾ ಥ್ಯಾಂಕ್ಸ್. ಪೆಡಲ್ ಬ್ರೇಕ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಮ್ಮನಿಗೆ ಇ-ಬೈಕ್ ಕೊಡಿಸಿದರೆ ಸುಲಭ ಅಲ್ವಾ?

ನಿಧಾನ_ನಿಧಾನ:

ಏರಿಗೆ ಸುಲಭ. ಇಳಿಯುವಾಗ ಮೋಟಾರು ಏನೂ ಸಹಾಯ ಮಾಡುವುದಿಲ್ಲ, ಅದರ ತೂಕ ಮಾತ್ರ ಹಿಂದಿನಿಂದ ನೂಕುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಪ್ರವಾಸಕ್ಕೆ ಹಗುರವಾದ ಸಾದಾ ಸೈಕಲ್ಲೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸೀಟು ಒಂದು ಬೆರಳು ತಗ್ಗಿಸಿ ಕೊಡಿ. ನಿಂತಾಗ ಎರಡೂ ಪಾದ ನೆಲಕ್ಕೆ ತಾಗಿದರೆ ಅರ್ಧ ಭಯ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. ನಾವು ಕಲಿತ ಸೈಕಲ್‌ನಲ್ಲಿ ಬಲಗೈ ಹಿಡಿದರೆ ಮುಂದಿನ ಬ್ರೇಕ್. ಅಲ್ಲಿ ಸಾಮಾನ್ಯವಾಗಿ ಎಡಗೈಗೆ ಮುಂದಿನದು. ಅಷ್ಟು ವರ್ಷ ಸೈಕಲ್ ಹೊಡೆದ ಕೈ ಗಾಬರಿಯಲ್ಲಿ ಹಳೆಯದನ್ನೇ ಮಾಡುತ್ತದೆ. ಹೊರಡುವ ಮುಂಚೆ ಮಾಲ್ಸ್ ಸ್ಟೇಷನ್ ಎದುರಿನ ಖಾಲಿ ಜಾಗದಲ್ಲಿ ಅಮ್ಮ ಹತ್ತು ಸಲ ನಿಲ್ಲಿಸಿ ಹೊರಡಲಿ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದಿರಬಾರದು. ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಡಿ, ಮತ್ತೆ ಹಿಡಿಯಿರಿ. ಕೈ ನೋಯಲು ಶುರುವಾದರೆ ನಿಂತುಬಿಡಿ. ನಿಲ್ಲಲು ನೆಪ ಬೇಕಾದರೆ ಓರ್ಟ್ಲರ್ ಇದೆಯಲ್ಲ.

ಹಳಿ_ಪಕ್ಕ:

ರೈಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮೆರಾನೊದಿಂದ ಮಾಲ್ಸ್‌ಗೆ ರೈಲು ಇದೆ. 1906ರಲ್ಲಿ ಶುರುವಾದ ಮಾರ್ಗ, 1990ರಲ್ಲಿ ಮುಚ್ಚಿದ್ದರು, 2005ರಲ್ಲಿ ಮತ್ತೆ ತೆರೆದರು. ಸೈಕಲ್ ದಾರಿ ಅದರ ಆಸುಪಾಸಿನಲ್ಲೇ ಸಾಗುತ್ತದೆ. ಅಮ್ಮನಿಗೆ ಸುಸ್ತಾದರೆ ಮುಂದಿನ ಸ್ಟೇಷನ್‌ನಲ್ಲಿ ಹತ್ತಿಸಿಬಿಡಿ. ಸ್ಟೇಷನ್‌ಗಳ ಹತ್ತಿರವೇ ಬಾಡಿಗೆ ಸೈಕಲ್ ಸಿಗುತ್ತದೆ, ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಸ್ವಂತ ಸೈಕಲ್ ಒಯ್ದರೆ ರೈಲಿನಲ್ಲಿ ಜಾಗ ಕಡಿಮೆ, ಬಾಡಿಗೆಯದ್ದೇ ತಲೆನೋವಿಲ್ಲ. ಮಾರ್ಗದ ವಿದ್ಯುದೀಕರಣದ ಕೆಲಸಕ್ಕಾಗಿ ಆಗಾಗ ರೈಲು ನಿಲ್ಲಿಸಿ ಬದಲಿ ಬಸ್ ಬಿಟ್ಟದ್ದಿದೆ. ಟಿಕೆಟ್ ತೆಗೆಯುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ.

ಬೋರ್ಡುಗಳಲ್ಲಿ ಒಂದೇ ಊರಿಗೆ ಜರ್ಮನ್, ಇಟಾಲಿಯನ್ ಎರಡೂ ಹೆಸರು ಇರುತ್ತದೆ. ಶ್ಲಾಂಡರ್ಸ್ ಅಂದರೂ ಸಿಲಾಂದ್ರೊ ಅಂದರೂ ಒಂದೇ. ನಾನು ಇವು ಬೇರೆ ಬೇರೆ ಊರು ಅಂದುಕೊಂಡು ಒಂದು ಸಲ ಇಳಿಯದೆ ಮುಂದೆ ಹೋಗಿದ್ದೆ.

ಎರಡು_ಗಾಲಿ:

ಸರಿ, ಎರಡು ದಿನ, ಮಾಲ್ಸ್‌ನಿಂದ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಮಳೆ ಬಂದರೆ?" ಅಂತ ಕೇಳಿದರು.

ನಿಧಾನ_ನಿಧಾನ:

ಅಲ್ಲಿ ಮಳೆ ತೀರಾ ಕಡಿಮೆ, ಸುತ್ತಲಿನ ಎತ್ತರದ ಬೆಟ್ಟಗಳು ಮೋಡವನ್ನು ತಡೆದುಬಿಡುತ್ತವೆ. ಆದರೂ ನೆನೆಯುತ್ತೀರಿ. ತೋಟಗಳಿಗೆ ಸ್ಪ್ರಿಂಕ್ಲರ್ ಬಿಟ್ಟಿರುತ್ತಾರೆ, ನೀರು ದಾರಿಯವರೆಗೂ ಹಾರುತ್ತದೆ. ಸುತ್ತುವುದನ್ನು ನೋಡಿಕೊಂಡು, ಆ ಕಡೆ ತಿರುಗಿದ ಕೂಡಲೇ ಓಡಬೇಕು. ನಮ್ಮ ಯಜಮಾನರು ಮೂರು ಸಲ ಲೆಕ್ಕ ತಪ್ಪಿದರು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ.