ವೆಬ್‌ಪ್ಯಾಕ್ 5: ಲೋಕಲ್‌ನಲ್ಲಿ ಫೆವಿಕಾನ್ ಬರುತ್ತೆ, ಬಿಲ್ಡ್ ಮಾಡಿ ಸರ್ವರ್‌ಗೆ ಹಾಕಿದ್ರೆ ಮಾಯ, ಯಾಕೆ?

ಅಡಿಕೆತೋಟ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಮ್ಮ ಕಡೆ ಒಂದು ಅಡಿಕೆ ಮಂಡಿಗೆ ಸ್ಟಾಕು, ಬಿಲ್ಲಿಂಗ್ ನೋಡ್ಕೊಳ್ಳೋ ವೆಬ್ ಆಪ್ ಮಾಡ್ತಿದೀನಿ. ರಿಯಾಕ್ಟ್, ರಿಯಾಕ್ಟ್ ರೂಟರ್, ಬಂಡಲ್ ಮಾಡೋಕೆ (ಕೋಡ್ ಫೈಲೆಲ್ಲ ಒಟ್ಟು ಸೇರಿಸೋಕೆ) ವೆಬ್‌ಪ್ಯಾಕ್ 5, ಜೊತೆಗೆ ಟೆಂಪ್ಲೇಟ್‌ನಿಂದ ಪೇಜ್ ಮಾಡಿಕೊಡೋ ಎಚ್‌ಟಿಎಂಎಲ್-ವೆಬ್‌ಪ್ಯಾಕ್-ಪ್ಲಗಿನ್. ಆಪ್ ಚೆನ್ನಾಗಿ ಓಡ್ತಿದೆ, ತಲೆನೋವು ಇರೋದು ಟ್ಯಾಬ್‌ನಲ್ಲಿ ಬರೋ ಪುಟ್ಟ ಐಕಾನ್, ಅಂದ್ರೆ ಫೆವಿಕಾನ್‌ದು. ಮಂಡಿಲಿ ಕೆಲಸ ಮಾಡೋರು ಬ್ಯಾಂಕು, ಜಿಎಸ್‌ಟಿ ಪೋರ್ಟಲ್ಲು, ವಾಟ್ಸಾಪ್ ವೆಬ್ಬು ಅಂತ ಬೆಳಗ್ಗೆಯಿಂದ ಸಾಲು ಸಾಲು ಟ್ಯಾಬ್ ತೆಗೆದಿಟ್ಟಿರ್ತಾರೆ, ಅಷ್ಟಾದ್ಮೇಲೆ ಟ್ಯಾಬ್ ಮೇಲಿನ ಹೆಸರು ಕಾಣಲ್ಲ, ಐಕಾನ್ ನೋಡ್ಕೊಂಡೇ ಒತ್ತಬೇಕು, ನಮ್ಮ ಆಪ್‌ಗೆ ಮಾತ್ರ ಬೂದು ಬಣ್ಣದ ಗ್ಲೋಬ್ ಬರುತ್ತೆ. ಅವರು ಪ್ರತಿ ಸಲ ಹುಡುಕ್ತಾ ಕೂರೋದು ನೋಡಿದ್ರೆ ಬೇಜಾರಾಗುತ್ತೆ.

ಈಗಿರೋ ಸ್ಥಿತಿ ಹೇಳ್ತೀನಿ. ಟೆಂಪ್ಲೇಟ್ ಆಗಿರೋ ಇಂಡೆಕ್ಸ್.ಎಚ್‌ಟಿಎಂಎಲ್ ಫೈಲಿನ ಹೆಡ್ ಒಳಗೆ ಲಿಂಕ್ ಟ್ಯಾಗ್ ಬರೆದಿದೀನಿ, ರೆಲ್ ಐಕಾನ್, ಎಚ್‌ರೆಫ್‌ನಲ್ಲಿ ಬರೀ ಫೆವಿಕಾನ್.ಐಕೋ ಅಂತ. ಮೊದಲು ಐಕಾನ್ ಫೈಲನ್ನ ಎಸ್‌ಆರ್‌ಸಿ ಫೋಲ್ಡರ್‌ನಲ್ಲಿ ಟೆಂಪ್ಲೇಟ್ ಪಕ್ಕದಲ್ಲೇ ಇಟ್ಟಿದ್ದೆ, ಬರಲಿಲ್ಲ. ಪಬ್ಲಿಕ್ ಅನ್ನೋ ಫೋಲ್ಡರ್ ಮಾಡಿ ಅದರೊಳಗೆ ಹಾಕಿದ್ಮೇಲೆ ಎನ್‌ಪಿಎಂ ಸ್ಟಾರ್ಟ್ ಕೊಟ್ರೆ ಬಂತು. ಆದ್ರೆ ಬಿಲ್ಡ್ ಕೊಟ್ಟು ಸರ್ವರ್‌ಗೆ ಹಾಕಿದ್ರೆ ಮತ್ತೆ ಗ್ಲೋಬ್. ಕೈಯಾರೆ ಡಿಸ್ಟ್ ಫೋಲ್ಡರ್‌ಗೆ (ಬಿಲ್ಡ್ ಆದದ್ದು ಬಂದು ಬೀಳೋ ಜಾಗ) ಕಾಪಿ ಮಾಡಿ ನೋಡಿದೆ, ಆಗ ಹೋಮ್ ಪೇಜಲ್ಲಿ ಬರುತ್ತೆ, ಒಂದು ಲಾಟ್‌ನ ಪೇಜ್ ತೆಗೆದು (ಅಡ್ರೆಸ್ /ಲಾಟ್/452 ಅಂತ ಇರುತ್ತೆ) ರಿಫ್ರೆಶ್ ಮಾಡಿದ್ರೆ ಹೋಗ್ಬಿಡುತ್ತೆ, ಮತ್ತೆ ಬಿಲ್ಡ್ ಮಾಡಿದ್ರಂತೂ ಫೈಲೇ ಇರಲ್ಲ.

ಇನ್ನೊಂದು ವಿಚಿತ್ರ ಅಂದ್ರೆ, ಕಾಪಿ ಮಾಡದೇ ಇದ್ದಾಗ ನಮ್ಮ ಡೊಮೇನ್ ಮುಂದೆ /ಫೆವಿಕಾನ್.ಐಕೋ ಅಂತ ಟೈಪ್ ಮಾಡಿದ್ರೆ 404 (ಫೈಲ್ ಇಲ್ಲ ಅನ್ನೋ ಉತ್ತರ) ಬರಬೇಕಲ್ವಾ, ಬರಲ್ಲ, ಆಪೇ ಓಪನ್ ಆಗುತ್ತೆ, ನೆಟ್‌ವರ್ಕ್ ಟ್ಯಾಬ್‌ನಲ್ಲಿ 200 (ಸಿಕ್ತು) ಅಂತ ಹಸಿರಾಗಿ ತೋರಿಸುತ್ತೆ. ಸರ್ವರ್ ಎಂಜಿನ್‌ಎಕ್ಸ್. ಔಟ್‌ಪುಟ್‌ನಲ್ಲಿ ಪಬ್ಲಿಕ್‌ಪಾತ್ (ಫೈಲ್‌ಗಳ ಅಡ್ರೆಸ್ ಮುಂದೆ ಸೇರೋದು) '/' ಅಂತಿದೆ, ಕ್ಲೀನ್ ಟ್ರೂ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

---

ಕೋಡ್‌ಕಟ್ಟೆ ಉತ್ತರ:

ತುಂಬಾ ಚೆನ್ನಾಗಿ ವಿವರ ಕೊಟ್ಟಿದೀರ, ಅದಕ್ಕೇ ಬೇಗ ಹಿಡಿಯೋಕಾಯ್ತು. ನಿಮ್ಮಲ್ಲಿ ಬೇರೆ ಬೇರೆ ಸಮಸ್ಯೆ ಒಟ್ಟಿಗೆ ಸೇರ್ಕೊಂಡಿವೆ, ಬಿಡಿಸಿ ನೋಡೋಣ.

ಮೊದಲನೇದು, ವೆಬ್‌ಪ್ಯಾಕ್ ಕೆಲಸ ಮಾಡೋ ರೀತಿ. ಎಂಟ್ರಿ ಫೈಲಿಂದ ಶುರು ಮಾಡಿ ಯಾವ್ಯಾವುದನ್ನ ಇಂಪೋರ್ಟ್ ಮಾಡಿದೀರೋ ಅಷ್ಟನ್ನ ಮಾತ್ರ ಅದು ಹಿಂಬಾಲಿಸ್ಕೊಂಡು ಹೋಗುತ್ತೆ. ನೀವು ಟೆಂಪ್ಲೇಟ್‌ನಲ್ಲಿ ಕೈಯಲ್ಲಿ ಬರೆದ ಲಿಂಕ್ ಟ್ಯಾಗ್ ಅದರ ಕಣ್ಣಿಗೆ ಬರೀ ಅಕ್ಷರ, ಅಲ್ಲೊಂದು ಫೈಲ್ ಇದೆ ಅಂತ ಅದಕ್ಕೆ ಗೊತ್ತೇ ಆಗಲ್ಲ. (ಎಚ್‌ಟಿಎಂಎಲ್-ಲೋಡರ್ ಹಾಕಿದ್ರೆ ಐಕಾನ್ ಲಿಂಕನ್ನೂ ಓದಿ ಫೈಲ್ ಎಳ್ಕೊಳ್ಳುತ್ತೆ, ಅದು ಬೇರೆ ದಾರಿ.) ಹಾಗಾಗಿ ಎಸ್‌ಆರ್‌ಸಿ ಒಳಗೆ ಇಟ್ಟಿದ್ದು ಡಿಸ್ಟ್‌ಗೆ ಹೋಗಲೇ ಇಲ್ಲ.

ಪಬ್ಲಿಕ್ ಫೋಲ್ಡರ್‌ಗೆ ಹಾಕಿದಾಗ ಲೋಕಲ್‌ನಲ್ಲಿ ಬಂದಿದ್ದು ವೆಬ್‌ಪ್ಯಾಕ್ ದೆಸೆಯಿಂದ ಅಲ್ಲ, ಎನ್‌ಪಿಎಂ ಸ್ಟಾರ್ಟ್ ಕೊಟ್ಟಾಗ ಓಡೋ ಡೆವ್ ಸರ್ವರ್ ದೆಸೆಯಿಂದ. ವೆಬ್‌ಪ್ಯಾಕ್-ಡೆವ್-ಸರ್ವರ್ ವರ್ಷನ್ 4ರಿಂದ ಈಚೆಗೆ ಸ್ಟ್ಯಾಟಿಕ್ ಅನ್ನೋ ಸೆಟ್ಟಿಂಗ್ ಇದೆ, ನೀವೇನೂ ಬರೀದೇ ಇದ್ರೂ ಪಬ್ಲಿಕ್ ಅನ್ನೋ ಫೋಲ್ಡರ್ ಇದ್ರೆ ಅದರಲ್ಲಿರೋದನ್ನೆಲ್ಲ ಹಾಗೇ ಹಂಚುತ್ತೆ. ಬಿಲ್ಡ್ ಕೊಟ್ಟಾಗ ಡೆವ್ ಸರ್ವರ್ ಚಿತ್ರದಲ್ಲೇ ಇರಲ್ಲ, ಆ ಫೋಲ್ಡರನ್ನ ಯಾರೂ ಮುಟ್ಟಲ್ಲ. ಕೈಯಾರೆ ಕಾಪಿ ಮಾಡಿದ್ದು ಮುಂದಿನ ಬಿಲ್ಡ್‌ನಲ್ಲಿ ಹೋಗೋದು ಕ್ಲೀನ್ ಟ್ರೂ ಇರೋದ್ರಿಂದ, ಬಿಲ್ಡ್ ಮಾಡುವಾಗ ಅದು ಡಿಸ್ಟ್‌ನಲ್ಲಿ ತಾನು ಮಾಡದೇ ಇರೋದನ್ನೆಲ್ಲ ಗುಡಿಸಿ ಹಾಕುತ್ತೆ. ಅದನ್ನ ತೆಗೀಬೇಡಿ, ಇರೋದೇ ಒಳ್ಳೇದು.

ಸುಲಭದ ಪರಿಹಾರ: ಟೆಂಪ್ಲೇಟ್‌ನಲ್ಲಿರೋ ಲಿಂಕ್ ಟ್ಯಾಗ್ ತೆಗೆದುಬಿಡಿ, ಪಬ್ಲಿಕ್‌ನಲ್ಲಿರೋ ಐಕಾನ್ ಫೈಲನ್ನ ಎಸ್‌ಆರ್‌ಸಿಗೇ ವಾಪಸ್ ತನ್ನಿ, ವೆಬ್‌ಪ್ಯಾಕ್ ಕಾನ್ಫಿಗ್‌ನಲ್ಲಿ ಟೆಂಪ್ಲೇಟ್ ಅಂತ ಕೊಟ್ಟಿರೋ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ:

ಫೆವಿಕಾನ್: './ಎಸ್‌ಆರ್‌ಸಿ/ಫೆವಿಕಾನ್.ಐಕೋ'

(ಇಲ್ಲಿ ಕನ್ನಡದಲ್ಲಿ ಬರೆದಿದೀನಿ, ಫೈಲಲ್ಲಿ ಇಂಗ್ಲಿಷಲ್ಲೇ ಹಾಕಿ.) ಅಷ್ಟೇ. ಪ್ಲಗಿನ್ನೇ ಫೈಲನ್ನ ಡಿಸ್ಟ್‌ಗೆ ತರುತ್ತೆ, ಲಿಂಕ್ ಟ್ಯಾಗನ್ನೂ ತಾನೇ ಹಾಕುತ್ತೆ, ಹಾಕುವಾಗ ನಿಮ್ಮ ಪಬ್ಲಿಕ್‌ಪಾತ್ ಮುಂದೆ ಸೇರಿಸ್ಕೊಳ್ಳುತ್ತೆ. ಒಳಗಿನ ಪೇಜಲ್ಲಿ ಐಕಾನ್ ಹೋಗ್ತಿದ್ದದ್ದೂ ಇದರಿಂದ ಸರಿಯಾಗುತ್ತೆ. ನೀವು ಮುಂದೆ ಸ್ಲ್ಯಾಶ್ ಇಲ್ಲದೆ ಬರೆದಿದ್ರಿ, /ಲಾಟ್/452 ಪೇಜಲ್ಲಿ ಬ್ರೌಸರ್ ಅದನ್ನ /ಲಾಟ್/ಫೆವಿಕಾನ್.ಐಕೋ ಅಂತ ಓದ್ಕೊಂಡು ಇಲ್ಲದ ಜಾಗದಲ್ಲಿ ಹುಡುಕ್ತಿತ್ತು. ಪಬ್ಲಿಕ್‌ಪಾತ್ '/' ಇರೋದಕ್ಕೆ ಜಾವಾಸ್ಕ್ರಿಪ್ಟ್ ಬಂಡಲ್‌ಗೆ ಈ ತೊಂದರೆ ಆಗಿಲ್ಲ, ಅದೂ ಇಲ್ದಿದ್ರೆ ಪೇಜೇ ಬೆಳ್ಳಗೆ ಬರ್ತಿತ್ತು.

---

ಮಲಪ್ರಭಾ_ದಂಡಿ ಉತ್ತರ:

ಮ್ಯಾಲಿನವ್ರು ಹೇಳಿದ್ದು ಖರೇ ಐತಿ, ಆದ್ರ 200 ಬರೂದು ಯಾಕ ಅನ್ನೂದು ಉಳೀತು ನೋಡ್ರಿ, ಅದನ್ನ ನಾ ಹೇಳ್ತೀನಿ, ಯಾಕಂದ್ರ ಅದನ್ನ ಹಂಗ ಬಿಟ್ರ ಮುಂದ ಬ್ಯಾರೆ ಫೈಲಿನಾಗೂ ಇದ ಗೋಳು.

ನಿಮ್ಮ ಎಂಜಿನ್‌ಎಕ್ಸ್ ಕಾನ್ಫಿಗ್‌ದಾಗ ಟ್ರೈ_ಫೈಲ್ಸ್ $ಯುಆರ್‌ಐ /ಇಂಡೆಕ್ಸ್.ಎಚ್‌ಟಿಎಂಎಲ್ ಅನ್ನೂ ಸಾಲು ಇದ್ದ ಇರತೈತಿ, ರಿಯಾಕ್ಟ್ ರೂಟರ್ ಹಾಕಿದವ್ರೆಲ್ಲ ಅದನ್ನ ಹಾಕ್ತಾರ. ಅದರ ಅರ್ಥ ಏನಂದ್ರ ಕೇಳಿದ ಫೈಲ್ ಸಿಗ್ಲಿಲ್ಲಂದ್ರ ಇಂಡೆಕ್ಸ್ ಪೇಜ್ ಕೊಟ್ಟು ಕಳಸು ಅಂತ. ಬ್ರೌಸರ್ ಐಕಾನ್ ಕೇಳ್ತೈತಿ, ಫೈಲ್ ಇಲ್ಲ, ಎಂಜಿನ್‌ಎಕ್ಸ್ ಪೂರಾ ಎಚ್‌ಟಿಎಂಎಲ್ ಪೇಜ್ ಕೊಟ್ಟು 200 ಅಂತ ಮುದ್ರಿ ಒತ್ತಿ ಕಳಸ್ತೈತಿ. ಬ್ರೌಸರ್ ತಗದು ನೋಡಿದ್ರ ಒಳಗ ಚಿತ್ರ ಇಲ್ಲ, ಸುಮ್ಮನ ಗ್ಲೋಬ್ ತೋರಸ್ತೈತಿ, ಎರರ್ ಸೈತ ಹೇಳೂದಿಲ್ಲ. ಅದಕ್ಕ ಸ್ಟೇಟಸ್ ನಂಬರ್ ನಂಬಬ್ಯಾಡ್ರಿ. ಟರ್ಮಿನಲ್‌ದಾಗ ಕರ್ಲ್ ಅನ್ನೂ ಕಮಾಂಡಿಗೆ ದೊಡ್ಡ ಐ (-I) ಆಪ್ಷನ್ ಕೊಟ್ಟು ಆ ಐಕಾನ್ ಅಡ್ರೆಸ್ ಹಾಕ್ರಿ, ಬರೇ ಹೆಡರ್ ಬರ್ತಾವ, ಕಂಟೆಂಟ್-ಟೈಪ್ ಅನ್ನೂ ಸಾಲು ಓದ್ರಿ. ಟೆಕ್ಸ್ಟ್/ಎಚ್‌ಟಿಎಂಎಲ್ ಅಂತಿದ್ರ ಫೈಲ್ ಅಲ್ಲೆ ಇಲ್ಲ ಅಂತ ಅರ್ಥ, ಇಮೇಜ್/ಎಕ್ಸ್-ಐಕಾನ್ ಅಂತಿದ್ರ ಫೈಲ್ ಮುಟ್ಟೇತಿ.

ಕಾನ್ಫಿಗ್‌ದಾಗ ಐಕೋ, ಪಿಎನ್‌ಜಿ, ಎಸ್‌ವಿಜಿ, ಜೆಎಸ್ ಇಂಥಾ ಎಕ್ಸ್‌ಟೆನ್ಷನ್ ಇರೂವಕ್ಕ ಬ್ಯಾರೆ ಲೊಕೇಶನ್ ಬ್ಲಾಕ್ ಹಾಕ್ರಿ, ಅದರಾಗ ಟ್ರೈ_ಫೈಲ್ಸ್ $ಯುಆರ್‌ಐ =404 ಅಂತ ಬರೀರಿ. ಇಲ್ಲದ್ದಕ್ಕ ಇಲ್ಲ ಅಂತ ನೆಟ್ಟಗ ಹೇಳ್ತೈತಿ.

ಮತ್ತ ಲಿಂಕ್ ಟ್ಯಾಗ್ ಇದ್ರೂ ಆ ಫೈಲಿನ ಹೆಸರು ಫೆವಿಕಾನ್.ಐಕೋ ಅಂತಲೇ ಇರಲಿ, ರೂಟ್‌ನಾಗ (ಡೊಮೇನ್ ಮುಂದ ನೆಟ್ಟಗ, ಯಾವ ಫೋಲ್ಡರಿನಾಗೂ ಅಲ್ಲ) ಇರಲಿ. 1999ರಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಈ ರೂಢಿ ಹಾಕಿದ್ದು, ಪೇಜಿನಾಗ ಐಕಾನ್ ಲಿಂಕ್ ಇಲ್ಲದಿದ್ರ ಇವತ್ತಿಗೂ ಬ್ರೌಸರ್‌ಗಳು ಆ ಹೆಸರಿನ ಫೈಲನ್ನ ರೂಟ್‌ನಾಗ ಕೇಳ್ತಾವ. ನಿಮ್ಮ ಆಪಿನಾಗ ಬಿಲ್ ಪಿಡಿಎಫ್ ಬ್ಯಾರೆ ಟ್ಯಾಬ್‌ದಾಗ ತಗೀತಿದ್ರಂತೂ ಅಲ್ಲೆ ಲಿಂಕ್ ಟ್ಯಾಗ್ ಹಾಕಾಕ ಜಾಗಾನ ಇಲ್ಲ.

---

ಅಕ್ಷರಕುಂಚ ಉತ್ತರ:

ನಾನು ಡಿಸೈನ್ ಕಡೆಯವಳು, ಕೋಡ್ ವಿಷ್ಯ ಇಬ್ರೂ ಹೇಳಿದಾರೆ, ಐಕಾನ್ ಬಗ್ಗೆ ನನ್ನ ಮಾತು ಸ್ವಲ್ಪ ಕೇಳಿ. ಇಷ್ಟೆಲ್ಲ ಕಷ್ಟಪಟ್ಟು ಫೈಲ್ ತಲುಪಿಸಿದ್ಮೇಲೆ ಅಲ್ಲಿ ಮಸುಕು ಮಸುಕಾಗಿ ಏನೋ ಒಂದು ಕಂಡ್ರೆ ಮಂಡಿಯವರಿಗೆ ಏನೂ ಉಪಯೋಗ ಆಗಲ್ಲ.

ಮಂಡಿ ಹೆಸರು ಪೂರ್ತಿ ಇರೋ ಲೋಗೋನ ಹಾಗೇ ಸಣ್ಣ ಮಾಡಬೇಡಿ. ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಸಿಗೋದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಕನ್ನಡದ ಒಂದೇ ಅಕ್ಷರ ಇಡಿ, ಒತ್ತಕ್ಷರ ಬೇಡ. ನಮ್ಮ ಅಕ್ಷರಗಳಿಗೆ ಮೇಲೆ ತಲಕಟ್ಟು ಇರುತ್ತೆ, ಅದಕ್ಕೇ ಮೂರ್ನಾಲ್ಕು ಪಿಕ್ಸೆಲ್ ಹೋಗುತ್ತೆ, ಕೆಳಗೆ ಒತ್ತು ಬಂದ್ರೆ ಅಕ್ಷರದ ಹೊಟ್ಟೆಗೆ ಜಾಗನೇ ಉಳಿಯಲ್ಲ, ಎಲ್ಲಾ ಸೇರ್ಕೊಂಡು ಮುದ್ದೆಯಾಗುತ್ತೆ. ರ, ಗ, ದ ತರದ ತೆರೆದ ಅಕ್ಷರಗಳು ಸಣ್ಣದಾದ್ರೂ ಓದೋಕಾಗುತ್ತೆ, ಷ, ಘ ತುಂಬಾ ಕಷ್ಟ. ನೋಟೋ ಸ್ಯಾನ್ಸ್ ಕನ್ನಡ ಬೋಲ್ಡ್ ಅಥವಾ ಬಾಲೂ ತಮ್ಮ ತರದ ದಪ್ಪ ಫಾಂಟ್ ತಗೊಳ್ಳಿ, ಹಿಂದೆ ಗಾಢ ಬಣ್ಣ, ಅಕ್ಷರ ಬಿಳಿ. ಅಡಿಕೆ ಚಿತ್ರನೇ ಬೇಕು ಅಂತಿದ್ರೆ ಗೊನೆ ಬೇಡ, ಒಂದೇ ಕಾಯಿ ಸಾಕು.

ಎಸ್‌ವಿಜಿ ಐಕಾನ್ ಮಾಡಿದ್ರೆ ಒಂದು ಮುಖ್ಯವಾದ ವಿಷ್ಯ: ಅಕ್ಷರವನ್ನ ಟೆಕ್ಸ್ಟ್ ಆಗಿ ಬಿಡಬೇಡಿ, ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಟ್ಟು ಆಕಾರ ಮಾಡ್ಕೊಳ್ಳಿ. ಐಕಾನ್ ಆಗಿ ಬಳಸೋ ಎಸ್‌ವಿಜಿ ಹೊರಗಿಂದ ಫಾಂಟ್ ತರಿಸ್ಕೊಳ್ಳಲ್ಲ, ನೋಡೋರ ಕಂಪ್ಯೂಟರ್‌ನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದು ಬರುತ್ತೆ, ಇಲ್ದಿದ್ರೆ ಖಾಲಿ ಡಬ್ಬ. ಎಸ್‌ವಿಜಿ ಐಕಾನನ್ನ ಕ್ರೋಮ್ 2020ರಲ್ಲಿ ಬಂದ 80ನೇ ವರ್ಷನ್‌ನಿಂದ ತೋರಿಸುತ್ತೆ, ಫೈರ್‌ಫಾಕ್ಸ್ ಅದಕ್ಕೂ ಮುಂಚಿನಿಂದ. ಅದರ ಒಳಗೇ ಡಾರ್ಕ್ ಮೋಡ್‌ಗೆ ಬೇರೆ ಬಣ್ಣ ಬರೆದಿಡಬಹುದು. ಹಳೇ ಬ್ರೌಸರ್‌ಗಳಿಗೆ ಐಕೋ ಫೈಲೂ ಇರಲಿ, ಒಂದೇ ಐಕೋ ಒಳಗೆ 16, 32, 48 ಮೂರೂ ಅಳತೆ ಕೂರುತ್ತೆ, ಇಮೇಜ್‌ಮ್ಯಾಜಿಕ್‌ನಲ್ಲಿ ಒಂದು ದೊಡ್ಡ ಪಿಎನ್‌ಜಿಯಿಂದ ಮಾಡ್ಕೊಬಹುದು. ಆದ್ರೆ 16ರದ್ದನ್ನ ಮಾತ್ರ ಕೈಯಲ್ಲೇ ತಿದ್ದಿ, ಮೆಷಿನ್ ಸಣ್ಣ ಮಾಡಿದ್ದು ಚೆನ್ನಾಗಿ ಬರಲ್ಲ.

ಫೋನಲ್ಲಿ ಹೋಮ್ ಸ್ಕ್ರೀನ್‌ಗೆ ಸೇರಿಸ್ಕೊಳ್ಳೋರಿದ್ರೆ ಐಫೋನ್‌ಗೆ 180 ಪಿಕ್ಸೆಲ್‌ನ ಆಪಲ್-ಟಚ್-ಐಕಾನ್ ಬೇಕು, ಅದಕ್ಕೆ ಹಿನ್ನೆಲೆ ಬಣ್ಣ ತುಂಬಿ, ಪಾರದರ್ಶಕ ಬಿಟ್ರೆ ಕಪ್ಪಾಗಿ ಬರುತ್ತೆ. ಆಂಡ್ರಾಯ್ಡ್‌ಗೆ ಮ್ಯಾನಿಫೆಸ್ಟ್ ಫೈಲ್‌ನಲ್ಲಿ (ಆಪ್ ಹೆಸರು, ಐಕಾನ್ ಪಟ್ಟಿ ಇರೋ ಫೈಲು) 192 ಮತ್ತೆ 512 ಪಿಕ್ಸೆಲ್‌ನವು.

---

ಕೋಡ್‌ಕಟ್ಟೆ ಉತ್ತರ:

@ಅಕ್ಷರಕುಂಚ ಮೇಡಂ, ಇಷ್ಟು ಐಕಾನ್ ಬೇಕು ಅಂದ್ರೆ ನಾನು ಹೇಳಿದ ಒಂದು ಸಾಲು ಸಾಲಲ್ಲ, ಆ ಆಪ್ಷನ್ ಒಂದೇ ಫೈಲ್ ತಗೊಳ್ಳುತ್ತೆ. ಮಿಕ್ಕಿದ್ದಕ್ಕೆ ಕಾಪಿ-ವೆಬ್‌ಪ್ಯಾಕ್-ಪ್ಲಗಿನ್ ಹಾಕಿ, ಪ್ಯಾಟರ್ನ್ಸ್ ಒಳಗೆ ಫ್ರಮ್ ಪಬ್ಲಿಕ್ ಅಂತ ಕೊಟ್ರೆ ಆ ಫೋಲ್ಡರ್‌ನಲ್ಲಿರೋದೆಲ್ಲ ಡಿಸ್ಟ್‌ನ ರೂಟ್‌ಗೆ ಬರುತ್ತೆ. ನಿಮ್ಮ ಇಂಡೆಕ್ಸ್ ಟೆಂಪ್ಲೇಟೂ ಪಬ್ಲಿಕ್ ಒಳಗೇ ಇದ್ರೆ ಮಾತ್ರ ಅದನ್ನ ಗ್ಲೋಬ್‌ಆಪ್ಷನ್ಸ್ ಇಗ್ನೋರ್‌ನಲ್ಲಿ ಬಿಡಿಸಿ, ಇಲ್ಲಾಂದ್ರೆ ಒಂದೇ ಹೆಸರಿಗೆ ಎರಡು ಫೈಲ್ ಅಂತ ಕಾನ್ಫ್ಲಿಕ್ಟ್ ಎರರ್ ಬರುತ್ತೆ. ಇದೇ ಕಾರಣಕ್ಕೆ ಐಕೋ ಫೈಲನ್ನ ಎರಡೂ ಕಡೆಯಿಂದ ತರಿಸಬೇಡಿ.

---

ಬೆಳಗಿನಬಸ್ಸು ಉತ್ತರ:

ಹೊಸದಾಗಿ ಶುರು ಮಾಡೋರಿಗೆ ವೀಟ್ (ವೆಬ್‌ಪ್ಯಾಕ್ ತರದ್ದೇ ಇನ್ನೊಂದು ಬಿಲ್ಡ್ ಟೂಲ್) ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದರಲ್ಲಿ ಪಬ್ಲಿಕ್ ಫೋಲ್ಡರ್ ಡೆವ್‌ನಲ್ಲೂ ಬಿಲ್ಡ್‌ನಲ್ಲೂ ಒಂದೇ ತರ ನಡ್ಕೊಳ್ಳುತ್ತೆ, ಈ ಪ್ರಶ್ನೆನೇ ಹುಟ್ಟಲ್ಲ. ಆದ್ರೆ ಗಿಟ್‌ಹಬ್ ಪೇಜಸ್‌ಗೆ ಹಾಕೋರು ಗಮನಿಸಿ, ಅಲ್ಲಿ ಪ್ರಾಜೆಕ್ಟ್ ಸೈಟ್ ಇರೋದು ಡೊಮೇನ್ ಮುಂದೆ ರೆಪೊ ಹೆಸರಿನ ಕೆಳಗೆ, ಬರೀ ಸ್ಲ್ಯಾಶ್‌ನಿಂದ ಶುರುವಾಗೋ ಅಡ್ರೆಸ್ ರೆಪೊ ಬಿಟ್ಟು ಹೊರಗೆ ಹೋಗುತ್ತೆ. ವೀಟ್ ಕಾನ್ಫಿಗ್‌ನಲ್ಲಿ ಬೇಸ್ ಅಂತ ರೆಪೊ ಹೆಸರು ಕೊಟ್ರೆ ಇಂಡೆಕ್ಸ್‌ನಲ್ಲಿರೋ ಐಕಾನ್ ಲಿಂಕಿಗೂ ಬಿಲ್ಡ್‌ನಲ್ಲಿ ಅದೇ ಸೇರಿಸುತ್ತೆ.

---

ಅಡಿಕೆತೋಟ ಉತ್ತರ:

ಎಲ್ರಿಗೂ ತುಂಬು ಹೃದಯದ ಧನ್ಯವಾದ, ಸರಿಹೋಯ್ತು! ಐಕೋಗೆ ಫೆವಿಕಾನ್ ಆಪ್ಷನ್, ಟಚ್ ಐಕಾನ್ ಮತ್ತೆ ಮ್ಯಾನಿಫೆಸ್ಟ್‌ಗೆ ಕಾಪಿ ಪ್ಲಗಿನ್, ಎಂಜಿನ್‌ಎಕ್ಸ್‌ನಲ್ಲಿ =404 ಬ್ಲಾಕ್, ಮೂರೂ ಹಾಕಿದೆ. ಕರ್ಲ್‌ನಲ್ಲಿ ಮೊದಲು ಟೆಕ್ಸ್ಟ್/ಎಚ್‌ಟಿಎಂಎಲ್ ಬರ್ತಿತ್ತು, ಈಗ ಇಮೇಜ್ ಅಂತ ಬರ್ತಿದೆ. ಲಾಟ್ ಪೇಜಲ್ಲಿ ರಿಫ್ರೆಶ್ ಕೊಟ್ರೂ ಹಸಿರು ಹಿನ್ನೆಲೆ ಮೇಲೆ ಬಿಳಿ "ಗ" ಗಟ್ಟಿಯಾಗಿ ನಿಂತಿದೆ.

ಇನ್ನೆರಡು ಪ್ರಶ್ನೆ. ಮಂಡಿಯ ಒಂದು ಕಂಪ್ಯೂಟರ್‌ನಲ್ಲಿ ಕೈಯಾರೆ ಕಾಪಿ ಮಾಡಿದ ಕಾಲದ ಹಳೇ ಐಕಾನೇ ಕಾಣ್ತಿದೆ, ಹಿಸ್ಟರಿ ಅಳಿಸದೆ ಹೋಗೋ ಹಾಗೆ ಮಾಡಬಹುದಾ? ಮತ್ತೆ ಟೆಸ್ಟಿಂಗ್ ಸರ್ವರ್‌ಗೆ ಬೇರೆ ಬಣ್ಣದ ಐಕಾನ್ ಬರಿಸೋಕಾಗುತ್ತಾ, ನಿಜವಾದ್ದು ಅಂದ್ಕೊಂಡು ಟೆಸ್ಟಿಂಗ್‌ನಲ್ಲಿ ಬಿಲ್ ಹಾಕಿಬಿಡ್ತಾರೆ ಅಂತ ಭಯ.

---

ಮಲಪ್ರಭಾ_ದಂಡಿ ಉತ್ತರ:

ಭಾಳ ಚಲೋ ಆತು. ಹಳೇ ಐಕಾನ್‌ದು ಹಿಂಗ: ಬ್ರೌಸರ್ ಐಕಾನ್‌ಗಳನ್ನ ಬ್ಯಾರೆ ಕಡೆ ಇಟ್ಕೊಂಡಿರ್ತೈತಿ, ಪೇಜ್ ರಿಫ್ರೆಶ್ ಮಾಡಿದ್ರ ಅದು ಬದಲಾಗ್ತೈತಿ ಅನ್ನೂ ಭರೋಸಾ ಇಲ್ಲ. ಆ ಕಂಪ್ಯೂಟರಿನಾಗ ಐಕಾನ್ ಅಡ್ರೆಸ್ಸನ್ನ ನೆಟ್ಟಗ ತಗದು ಕಂಟ್ರೋಲ್ ಶಿಫ್ಟ್ ಆರ್ ಕೊಡ್ರಿ, ಆಮ್ಯಾಲೆ ಆಪ್ ತಗೀರಿ. ಮುಂದ ಐಕಾನ್ ಬದಲು ಮಾಡೂವಾಗ ಎಚ್‌ಟಿಎಂಎಲ್ ಪ್ಲಗಿನ್‌ನಾಗ ಹ್ಯಾಶ್ ಟ್ರೂ ಇಟ್ರ ಐಕಾನ್ ಅಡ್ರೆಸ್ ಬಾಲಕ್ಕ ಹ್ಯಾಶ್ (ಬಿಲ್ಡ್ ಬದಲಾದ್ರ ತಾನೂ ಬದಲಾಗೂ ಗುರುತು) ಸೇರ್ತೈತಿ, ಬ್ರೌಸರ್‌ಗೆ ಅದು ಹೊಸ ಅಡ್ರೆಸ್. ಎಂಜಿನ್‌ಎಕ್ಸ್‌ದಾಗ ವರ್ಷಗಟ್ಟಲೆ ಕ್ಯಾಶ್ ಇಡು ಅಂತ ಬರದಿದ್ರ ಐಕೋ ಫೈಲನ್ನ ಅದರಿಂದ ಹೊರಗ ಇಡ್ರಿ.

ಬಣ್ಣದ್ದು ಮಾಡಾಕ ಬರ್ತೈತಿ, ನಾವೂ ಹಂಗ ಮಾಡೀವಿ. ವೆಬ್‌ಪ್ಯಾಕ್ ಕಾನ್ಫಿಗನ್ನ ಆಬ್ಜೆಕ್ಟ್ ಬದಲು ಫಂಕ್ಷನ್ ಆಗಿ ಎಕ್ಸ್‌ಪೋರ್ಟ್ ಮಾಡ್ರಿ, ಅದಕ್ಕ ಎನ್ವ್ ಅಂತ ಒಂದು ಬರ್ತೈತಿ. ಬಿಲ್ಡ್ ಕಮಾಂಡಿಗೆ --ಎನ್ವ್ ಟೆಸ್ಟಿಂಗ್ ಅಂತ ಕೊಟ್ರ ಎನ್ವ್.ಟೆಸ್ಟಿಂಗ್ ಟ್ರೂ ಆಗ್ತೈತಿ, ಫೆವಿಕಾನ್ ಸಾಲಿನಾಗ ಅದನ್ನ ನೋಡಿ ಒಂದಕ್ಕ ಕೆಂಪು ಫೈಲ್, ಇನ್ನೊಂದಕ್ಕ ಹಸಿರು ಫೈಲ್ ಕೊಡ್ರಿ. ಎರಡಕ್ಕೂ ಹೆಸರು ಫೆವಿಕಾನ್.ಐಕೋ ಅಂತನ ಇರಲಿ, ಫೋಲ್ಡರ್ ಅಷ್ಟ ಬ್ಯಾರೆ ಮಾಡ್ರಿ, ಆಗ ಯಾವ ಬಿಲ್ಡ್ ಆದ್ರೂ ರೂಟ್‌ನಾಗ ಅದ ಹೆಸರಿಲೆ ಸಿಗತೈತಿ. ಹಂಗ ಟೆಸ್ಟಿಂಗ್‌ದಾಗ ಪೇಜಿನ ಟೈಟಲ್‌ನೂ ಬದಲು ಮಾಡ್ರಿ, ಬಣ್ಣ ಗುರುತು ಹಿಡ್ಯಾಕ ತ್ರಾಸ್ ಆಗೂವಂಥವ್ರು ಇರ್ತಾರ.