ವಕೀಲರಿಲ್ಲದೆ ಆನ್‌ಲೈನಿನಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನ: ಮಾಡಿದವರು ಅನುಭವ ತಿಳಿಸಿ

ಪ್ರಶ್ನೆ (ಶಿರಸಿ ತಾಲ್ಲೂಕಿನ ಮಹಿಳೆ)

ನಮ್ಮ ಮದುವೆ 2020ರ ಫೆಬ್ರವರಿಯಲ್ಲಿ ಶಿರಸಿಯಲ್ಲಿ ನಡೆಯಿತು. ಎರಡು ವರ್ಷಗಳಿಂದ ನಾನು ತವರಿನಲ್ಲಿದ್ದೇನೆ, ಅವರು ಬೆಂಗಳೂರಿನಲ್ಲಿದ್ದಾರೆ. ಮಕ್ಕಳಿಲ್ಲ. ಬೇರೆಯಾಗಲು ಇಬ್ಬರಿಗೂ ಒಪ್ಪಿಗೆಯಿದೆ. ಇಲ್ಲಿಯ ವಕೀಲರು ಒಂದಲ್ಲ ಒಂದು ಬಗೆಯಲ್ಲಿ ನೆಂಟರೋ ಅಪ್ಪನ ಪರಿಚಿತರೋ ಆಗಿರುವುದರಿಂದ ಅವರ ಮುಂದೆ ಕುಳಿತು ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. ಆನ್‌ಲೈನಿನಲ್ಲಿ ತಾವೇ ಅರ್ಜಿ ಸಲ್ಲಿಸಿದವರಿದ್ದರೆ ದಯವಿಟ್ಟು ತಿಳಿಸಿ. ಬೆಂಗಳೂರಿಗೇ ಹೋಗಬೇಕೇ, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಲೇಬೇಕೇ ಎಂಬ ಎರಡು ಪ್ರಶ್ನೆಗಳು ಮುಖ್ಯವಾಗಿವೆ.

ಉತ್ತರ (ಕುಮಟಾದ ಉಪನ್ಯಾಸಕ)

2022ರಲ್ಲಿ ನಮ್ಮ ಅರ್ಜಿಯನ್ನು ನಾನೇ ಬರೆದು ನಾನೇ ಸಲ್ಲಿಸಿದೆ. ಪರಸ್ಪರ ಸಮ್ಮತಿಯ ವಿಚ್ಛೇದನದ ಬಗೆಗಿನ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಎರಡೇ ಉಪಕಲಮುಗಳಿದ್ದು, ಓದು ಬಲ್ಲ ಯಾರಿಗಾದರೂ ಅರ್ಥವಾಗುತ್ತದೆ. ಒಟ್ಟು ಖರ್ಚು 2,875 ರೂಪಾಯಿ: ನೋಟರಿ, ಛಾಪಾ ಕಾಗದ, ಕೋರ್ಟ್ ಫೀ ಸೇರಿ 890, ಸ್ಕ್ಯಾನಿಂಗಿಗೆ 310, ಮದುವೆ ನೋಂದಣಿಯ ದೃಢೀಕೃತ ನಕಲಿಗೆ 120, ಬಸ್ಸು ಮತ್ತು ಊಟಕ್ಕೆ 1,460, ಕೊನೆಯಲ್ಲಿ ಡಿಕ್ರಿಯ (ನ್ಯಾಯಾಲಯದ ಅಂತಿಮ ಆದೇಶದ) ನಕಲಿಗೆ 95. ಈ ಲೆಕ್ಕದ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಅರ್ಜಿ ಮೂರು ಬಾರಿ ಆಕ್ಷೇಪಣೆಯೊಂದಿಗೆ ಹಿಂತಿರುಗಿತು. ಮೊದಲ ಬಾರಿ ನಾನು ನನ್ನನ್ನು ಅರ್ಜಿದಾರನೆಂದೂ ಆಕೆಯನ್ನು ಎದುರುದಾರಳೆಂದೂ ತುಂಬಿದ್ದೆ. ಇದು ಜಂಟಿ ಅರ್ಜಿಯಾದ್ದರಿಂದ ಇಬ್ಬರೂ ಅರ್ಜಿದಾರರೇ, ಒಂದನೆಯವರು ಮತ್ತು ಎರಡನೆಯವರು. ಎರಡನೆಯ ಬಾರಿ ನಾಲ್ಕು ಪುಟಗಳು ಅಡ್ಡಡ್ಡವಾಗಿ ಸ್ಕ್ಯಾನ್ ಆಗಿದ್ದವು. ಮೂರನೆಯ ಬಾರಿ ಅಫಿಡವಿಟ್ಟಿನ ಒಂದು ಪುಟದಲ್ಲಿ ಆಕೆಯ ಸಹಿ ಇರಲಿಲ್ಲ. ಆ ಒಂದು ಸಹಿಗಾಗಿ ಕಾಗದ ಅಂಚೆಯಲ್ಲಿ ಬೆಳಗಾವಿಗೆ ಹೋಗಿ ಬರಲು ಒಂಬತ್ತು ದಿನ ಬೇಕಾಯಿತು. ಹೀಗೆ ಅರ್ಜಿಗೆ ಸಂಖ್ಯೆ ಬೀಳಲು 41 ದಿನ ಹಿಡಿಯಿತು. ಆದರೂ ವಕೀಲರ ಅಗತ್ಯ ನನಗೆ ಎಲ್ಲಿಯೂ ಕಾಣಲಿಲ್ಲ. ಆರು ತಿಂಗಳು ಕಾಯುವುದು ಕಾನೂನು, ಅದರಿಂದ ಯಾರಿಗೂ ಬಿಡುಗಡೆಯಿಲ್ಲ.

ಉತ್ತರ (ಅಂಕೋಲಾದಿಂದ)

ಮೇಲಿನವರ ಲೆಕ್ಕ ನೋಡಿ ಸಂಕಟವಾಯಿತು. ನಾವೂ ವಕೀಲರಿಲ್ಲದೆಯೇ ಜಂಟಿ ಅರ್ಜಿ ಹಾಕಿದ್ದೆವು. ನನ್ನ 86 ಗ್ರಾಂ ಬಂಗಾರ ಗಂಡನ ಮನೆಯ ಲಾಕರಿನಲ್ಲಿತ್ತು. ಅರ್ಜಿಯಲ್ಲಿ ‘ಒಡವೆಗಳ ಬಗ್ಗೆ ಪರಸ್ಪರ ಇತ್ಯರ್ಥವಾಗಿದೆ’ ಎಂಬ ಒಂದು ಸಾಲು ಮಾತ್ರ ಇತ್ತು. ಯಾವ ಒಡವೆ, ಎಷ್ಟು ತೂಕ, ಯಾವ ದಿನ ಯಾರ ಕೈಗೆ ಎಂದು ಬರೆಯಬೇಕೆಂದು ಹೇಳುವವರು ನನ್ನ ಪಾಲಿಗೆ ಯಾರೂ ಇರಲಿಲ್ಲ. ನ್ಯಾಯಾಧೀಶರ ಮುಂದೆ ಇಬ್ಬರೂ ಕೊಡಬೇಕಾದ ಎರಡು ಹೇಳಿಕೆಗಳಲ್ಲಿ ಮೊದಲನೆಯದರ ದಿನ ಅವರು ಬಂದು ಸಹಿ ಹಾಕಿದರು. ಎರಡನೆಯ ಹೇಳಿಕೆಗೆ ಬರಲೇ ಇಲ್ಲ, ನಂತರ ಸಮ್ಮತಿ ಹಿಂತೆಗೆದುಕೊಂಡಿರುವುದಾಗಿ ತಿಳಿಸಿದರು. ಡಿಕ್ರಿ ಆಗುವವರೆಗೆ ಒಬ್ಬರೇ ಸಮ್ಮತಿ ಹಿಂತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಹೇಳಿದೆಯೆಂಬುದು ನನಗೆ ಆಗ ಗೊತ್ತಾಯಿತು.

ಮತ್ತೆ ಹೊಸದಾಗಿ ದಾವೆ ಹೂಡಬೇಕಾಯಿತು. ವಕೀಲರಿಗೆ 70,000, ಅದರಲ್ಲಿ ಮೊದಲ ಕಂತು 25,000 ಅಣ್ಣನ ಸೊಸೈಟಿ ಸಾಲದಿಂದ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾನು ಕುಮಟಾ ಕಡೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಮೂರು ದಿನ ಬಿಟ್ಟು ನನ್ನ ಮುದ್ದತ್ತು (ವಿಚಾರಣೆಯ ದಿನ) ಇತ್ತು. ಹೆದ್ದಾರಿ ಮುಚ್ಚಿದ್ದರಿಂದ ತಲುಪಲಾಗದೆ ಆ ಮುದ್ದತ್ತು ತಪ್ಪಿತು. ಮುಂದಿನದು ಎರಡು ತಿಂಗಳ ನಂತರ ಸಿಕ್ಕಿತು. ಬಂಗಾರ ಇನ್ನೂ ಪೂರ್ತಿ ಬಂದಿಲ್ಲ.

ಉತ್ತರ (ಕುಮಟಾದ ಉಪನ್ಯಾಸಕ)

ತಮ್ಮ ನೋವಿಗೆ ಸಹಾನುಭೂತಿಯಿದೆ. ಆದರೆ ಅದು ಒಪ್ಪಂದ ಬರೆದ ರೀತಿಯ ದೋಷವೇ ಹೊರತು ವಕೀಲರಿಲ್ಲದ್ದರ ದೋಷವಲ್ಲ. ಆ ದಿನ ವಿಡಿಯೊ ಮೂಲಕ ಹಾಜರಾಗಲು ಮನವಿ ಮಾಡಿಕೊಳ್ಳಬಹುದಿತ್ತು.

ಉತ್ತರ (ಅಂಕೋಲಾದಿಂದ)

ವಿದ್ಯುತ್ತು ಮತ್ತು ನೆಟ್‌ವರ್ಕ್ ಎರಡೂ ಇಲ್ಲದ ಮನೆಯಲ್ಲಿ ಕುಳಿತು, ಮಣ್ಣಿನಡಿ ಸಿಕ್ಕವರ ಸುದ್ದಿ ಕೇಳುತ್ತಿದ್ದವಳಿಗೆ ಯಾವ ಮನವಿ ಎಲ್ಲಿ ಹಾಕಬೇಕೆಂದು ಹೇಳಿಕೊಡಲು ತಾವು ಆಗ ಇರಲಿಲ್ಲ, ಸರ್. ತಮ್ಮ ಹೆಂಡತಿ ಕೊನೆಯವರೆಗೂ ಕೊಟ್ಟ ಮಾತಿಗೆ ನಿಂತರು, ಆದ್ದರಿಂದ 2,875 ರೂಪಾಯಿಗೆ ಮುಗಿಯಿತು. ಆ ಯಶಸ್ಸಿನಲ್ಲಿ ಅರ್ಧ ಪಾಲು ಅವರದು. ಅದನ್ನೂ ಲೆಕ್ಕದ ಚೀಟಿಯಲ್ಲಿ ಬರೆದುಕೊಳ್ಳಿ.

ಉತ್ತರ (ಸಿದ್ದಾಪುರದ ಅಂಗನವಾಡಿ ಕಾರ್ಯಕರ್ತೆ)

ವಕೀಲರೆಂದರೆ ಖರ್ಚು ಎಂದೇ ಇಬ್ಬರೂ ಬರೆಯುತ್ತಿದ್ದೀರಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ. ನಾನು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ನಂತರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆ. ನಮ್ಮ ತಾಲ್ಲೂಕಿನವರು ಬೇಡ, ಪರಿಚಯದ ಮುಜುಗರವಾಗುತ್ತದೆ ಎಂದು ಬರವಣಿಗೆಯಲ್ಲಿಯೇ ಕೇಳಿಕೊಂಡೆ, ಬೇರೆ ಊರಿನ ವಕೀಲೆಯೊಬ್ಬರನ್ನು ನೇಮಿಸಿದರು. ನಡುವೆ ಅವರು ಬದಲಾಗಿ ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾದಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮುದ್ದತ್ತಿನ ದಿನಗಳಿಗೆ ರಜೆ ಹಾಕಿ ಗೌರವಧನ ಕಡಿತವಾದದ್ದು ಒಟ್ಟು 2,300 ರೂಪಾಯಿ. ಆದರೆ ನನ್ನ ಒಪ್ಪಂದದಲ್ಲಿ ಹೊಲಿಗೆ ಯಂತ್ರದಿಂದ ಹಿಡಿದು ಎರಡು ತಾಮ್ರದ ಹಂಡೆಗಳವರೆಗೆ ಎಲ್ಲವೂ ಪಟ್ಟಿಯಲ್ಲಿತ್ತು, ಎಲ್ಲವೂ ಮನೆಗೆ ಬಂದಿತು.

ಉತ್ತರ (ಕುಮಟಾದ ಉಪನ್ಯಾಸಕ)

ಉಚಿತ ವಕೀಲರಿಗಾಗಿ ಕಾಯುವಷ್ಟರಲ್ಲಿ ಅರ್ಜಿಯೇ ಮುಗಿಯುತ್ತದೆ. ವಿದ್ಯಾವಂತರು ಅದನ್ನು ಅವಲಂಬಿಸುವ ಅಗತ್ಯವಿಲ್ಲ.

ಉತ್ತರ (ಸಿದ್ದಾಪುರದ ಅಂಗನವಾಡಿ ಕಾರ್ಯಕರ್ತೆ)

ನಾನು ಪಿಯುಸಿ ಓದಿದ್ದೇನೆ, ನನಗೆ ಹನ್ನೊಂದು ದಿನದಲ್ಲಿ ವಕೀಲರ ನೇಮಕವಾಯಿತು. ತಮಗೆ ಅರ್ಜಿಯ ಸಂಖ್ಯೆ ಬೀಳಲು 41 ದಿನ ಬೇಕಾಯಿತೆಂದು ತಾವೇ ಬರೆದಿದ್ದೀರಿ. ಕಾನೂನು ಕೊಟ್ಟ ಹಕ್ಕನ್ನು ಬಳಸಿಕೊಂಡವರನ್ನು ಅವಿದ್ಯಾವಂತರೆಂದು ಕರೆಯಬೇಡಿ.

ಉತ್ತರ (ಕಾರವಾರದವನು, ಹಡಗಿನ ಕೆಲಸ)

ಆರು ತಿಂಗಳಿನಿಂದ ಬಿಡುಗಡೆಯಿಲ್ಲ ಎಂದು ಉಪನ್ಯಾಸಕರು ಬರೆದದ್ದು ತಪ್ಪು. ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್ 12ರಂದು ಅಮರದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ ಪ್ರಕರಣದಲ್ಲಿ, ಆ ಅವಧಿಯನ್ನು ಮನ್ನಾ ಮಾಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದೆಂದು ಹೇಳಿದೆ. ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಕೂಡಿಸುವ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ, ಮಕ್ಕಳು ಮುಂತಾದ ವಿಷಯಗಳೆಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು, ಕಾಯುವುದರಿಂದ ಸಂಕಟ ಲಂಬಿಸುವುದಷ್ಟೇ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಮೊದಲ ಹೇಳಿಕೆಯಾಗಿ ಒಂದು ವಾರದ ನಂತರ ಕಾರಣ ಕೊಟ್ಟು ಮನ್ನಾ ಅರ್ಜಿ ಹಾಕಬಹುದು. ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲಿರುವ ನಾನು ಇದೇ ಕಾರಣ ಕೊಟ್ಟೆ. ಮನ್ನಾ ಆಯಿತು.

ಆದರೆ ಅಲ್ಲಿಗೆ ತಲುಪುವ ಮೊದಲು ಕಳೆದುಕೊಂಡದ್ದನ್ನು ಬರೆಯಲೇಬೇಕು. ‘ಮನೆಯಲ್ಲೇ ಕುಳಿತು ವಿಚ್ಛೇದನ’ ಎಂದು ಜಾಹೀರಾತು ಕೊಡುವ ಒಂದು ಸಂಸ್ಥೆಗೆ 18,500 ರೂಪಾಯಿ ಕಟ್ಟಿದೆ. ಕಳುಹಿಸಿದ್ದು ಹನ್ನೆರಡು ಪುಟಗಳ ಸಿದ್ಧ ನಮೂನೆ. ಅದರಲ್ಲಿ ಬೇರೆ ಯಾರದೋ ಮಗುವಿನ ಹೆಸರು ಉಳಿದಿತ್ತು, ನಮಗೆ ಮಗುವೇ ಇಲ್ಲ. ಆಮೇಲೆ ನ್ಯಾಯಾಲಯಗಳ ಇ-ಫೈಲಿಂಗ್ ಜಾಲತಾಣದಲ್ಲಿ ನಾನೇ ನೋಂದಾಯಿಸಿಕೊಂಡೆ. ಆಧಾರ್ ಮೂಲಕ ಇ-ಸಹಿ ಮಾಡಲು ಬರುವ ಓಟಿಪಿ, ನಾನು ಹಡಗಿನಲ್ಲಿದ್ದಾಗ ರೀಚಾರ್ಜ್ ಮಾಡದೆ ಬಂದ್ ಆಗಿದ್ದ ಹಳೆಯ ಸಿಮ್ಮಿಗೆ ಹೋಗುತ್ತಿತ್ತು. ಆ ಸಂಖ್ಯೆ ಬದಲಾಯಿಸಲು ಊರಿಗೇ ಬರಬೇಕಾಯಿತು, ಒಂದು ಇಡೀ ರಜೆ ಅದರಲ್ಲೇ ಹೋಯಿತು. ‘ಆನ್‌ಲೈನ್’ ಎಂದರೆ ಅರ್ಜಿ ಸಲ್ಲಿಸುವುದು ಮಾತ್ರ. ವಿಚ್ಛೇದನ ಕೊಡುವುದು ನ್ಯಾಯಾಧೀಶರು, ಅವರು ಇಬ್ಬರನ್ನೂ ಪ್ರತ್ಯೇಕವಾಗಿ ಮಾತನಾಡಿಸಿಯೇ ಕೊಟ್ಟರು.

ಉತ್ತರ (ಹಳಿಯಾಳದಿಂದ)

ನಮ್ಮ ಅಣ್ಣನಿಗೆ ಹಿರಿಯರು ಕೂಡಿ ನೂರು ರೂಪಾಯಿ ಛಾಪಾ ಕಾಗದದ ಮೇಲೆ ಸೋಡಚೀಟಿ (ಬಿಡುಗಡೆಯ ಪತ್ರ) ಬರೆಸಿ ಒಂದೇ ದಿನದಲ್ಲಿ ಮುಗಿಸಿದರು. ಇಷ್ಟು ಅಲೆದಾಟ ಏಕೆ ಬೇಕು?

ಉತ್ತರ (ಕಾರವಾರದವನು, ಹಡಗಿನ ಕೆಲಸ)

ದಯವಿಟ್ಟು ಇದನ್ನು ನಂಬಬೇಡಿ. ತಮ್ಮ ಸಮುದಾಯದಲ್ಲಿ ಅಂಥ ರೂಢಿಯಿದೆಯೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಬಲ್ಲವರಿಗೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮಿನ ರಕ್ಷಣೆಯಿದೆ. ಉಳಿದವರಿಗೆ ಆ ಚೀಟಿ ಬರೀ ಕಾಗದ. ಅದನ್ನು ನೆಚ್ಚಿ ಮರುಮದುವೆಯಾದರೆ ಆ ಮದುವೆಯೇ ಅಸಿಂಧುವಾಗಬಹುದು.

ಉತ್ತರ (ಹಳಿಯಾಳದಿಂದ)

ನಮ್ಮ ಹಿರಿಯರ ಮಾತನ್ನು ಕಾಗದವೆಂದವರು ನಮ್ಮ ಊರಿಗೆ ಬಂದು ಹೇಳಲಿ. ಅಣ್ಣನ ಹೊಸ ಹೆಂಡತಿಯ ಹೆಸರು ರೇಷನ್ ಕಾರ್ಡಿಗೆ ಸೇರುತ್ತಿಲ್ಲವೆಂಬುದು ಬೇರೆ ವಿಷಯ.

ಉತ್ತರ (ಅಂಕೋಲಾದಿಂದ)

ಅದು ಬೇರೆ ವಿಷಯವಲ್ಲ, ಅದೇ ವಿಷಯ. ಆ ಹೆಣ್ಣುಮಗಳ ಬಗ್ಗೆ ಯೋಚಿಸಿ.

ಉತ್ತರ (ಕುಮಟಾದ ಉಪನ್ಯಾಸಕ)

2017ರ ತೀರ್ಪಿನ ವಿಷಯದಲ್ಲಿ ನಾನು ತಪ್ಪಿದ್ದೆ, ಒಪ್ಪುತ್ತೇನೆ. ತಿಳಿದಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು. ಸಿದ್ದಾಪುರದ ಸಹೋದರಿಯವರ ಕ್ಷಮೆ ಕೇಳುತ್ತೇನೆ. ಆದರೆ ತಮ್ಮ ಅರ್ಜಿಯನ್ನು ತಾವೇ ನಡೆಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಕುಟುಂಬ ನ್ಯಾಯಾಲಯಗಳಲ್ಲಿ ವಕೀಲರಿರುವುದೇ ಹಕ್ಕಿನ ವಿಷಯವಲ್ಲವೆಂದು 1984ರ ಕಾಯ್ದೆ ಹೇಳುತ್ತದೆ, ಆ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಕೇಳಿದವರ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ: ಮದುವೆ ನಡೆದ ಸ್ಥಳದ ನ್ಯಾಯಾಲಯಕ್ಕೆ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಂತೆ ಅಧಿಕಾರವಿರುವುದರಿಂದ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಶಿರಸಿಯಲ್ಲಿಯೇ ಹಾಕಬಹುದು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಕೃತಜ್ಞತೆಗಳು. ಅಂಕೋಲಾದ ಅಕ್ಕ ಬರೆದದ್ದನ್ನು ಓದಿ ನಿನ್ನೆ ರಾತ್ರಿ ಗಂಡನಿಗೆ ಫೋನ್ ಮಾಡಿದೆ. ಒಡವೆ, ಪಾತ್ರೆ, ಜಂಟಿ ಖಾತೆಯ ಹಣ ಎಲ್ಲವನ್ನೂ ತೂಕ, ಮೊತ್ತ, ದಿನಾಂಕ ಸಹಿತ ಬರೆದು, ಕೊಟ್ಟುಮುಗಿಸಿದ ನಂತರವೇ ಅರ್ಜಿ ಹಾಕೋಣವೆಂದಾಗ ಅವರು ಒಪ್ಪಿದರು. ಪಟ್ಟಿಯನ್ನು ಒಮ್ಮೆ ನೋಡಿಕೊಡಲು ಬೇರೆ ತಾಲ್ಲೂಕಿನ ವಕೀಲರು ಬೇಕೆಂದು ಕಾನೂನು ಸೇವಾ ಸಮಿತಿಯಲ್ಲಿ ಕೇಳುತ್ತೇನೆ. ಇನ್ನೊಂದು ವಿಷಯ ಇಂದು ಬೆಳಿಗ್ಗೆ ತಿಳಿಯಿತು: ನನ್ನ ಆಧಾರ್‌ಗೆ ಜೋಡಣೆಯಾಗಿರುವುದು ಅಪ್ಪನ ಮೊಬೈಲ್ ಸಂಖ್ಯೆ. ಅಪ್ಪನಿಗೆ ನಾನಿನ್ನೂ ಏನನ್ನೂ ಹೇಳಿಲ್ಲ. ಸೋಮವಾರ ಶಿರಸಿಗೆ ಹೋಗಿ ಮೊದಲು ಅದನ್ನು ನನ್ನ ಸಂಖ್ಯೆಗೆ ಬದಲಾಯಿಸಿಕೊಳ್ಳುತ್ತೇನೆ.